ರೊಟ್ಟಿಯ ಪಕ್ಕದ ಕೆಂಡ

ಬೆಳಗಿನ ಚರ್ಚಿನಿಂದ ಮರಳಿದವರು ಮುದುಕ ಸವ್ವಾತಿಯ ಹೆಣವನ್ನು, ಚಳಿಗೆಂದು ದೊಡ್ಡ ಇಟ್ಟಿಗೆ ಒಲೆಯ ಮೇಲೆಯೇ ಹಾಸಿದ್ದ ಹಾಸಿಗೆಯಿಂದ ಇಳಿಸಿದಾಗ ಅವನ ಮುಖ ಕೆಂಪೇರಿತ್ತು. ಕೆಂಡದ ವಿಷಗಾಳಿ ಕುಡಿದು ಸತ್ತವರ ಮುಖವೇ ಹಾಗೆ. ಹೊಗೆದಾರಿಯ ಕಬ್ಬಿಣದ ಮುಚ್ಚಳ ಹಾಕಿತ್ತು. ಒಲೆಯ ಬಾಯೊಳಗೆ ಕೆಂಡ ಇನ್ನೂ ಮಿನುಗುತ್ತಿತ್ತು.

"ಕೆಂಡ ಆರೋ ಮುಂಚೆ ಮುಚ್ಚಳ ಹಾಕಿ ನಮ್ಮಪ್ಪನ್ನ ಕೊಂದ್ಲು, ಮಾರಿ!" ಎಂದು ಕಿರಿಯ ಮಗ ನಿಕಾಂದ್ರ ಅರಚಿದ. "ಗಂಡನ್ನ ನುಂಗಿದ್ಲು, ಈಗ ಮಾವನ್ನೂ ನುಂಗಿದ್ಲು!"

ವಿಧವೆ ಸೊಸೆ ಫೆವ್ರೋನ್ಯಾ ಗೋಡೆಗೆ ಒರಗಿ ನಿಂತಿದ್ದಳು. ಈ ಮನೆ ಅವಳಿಗೇ ಎಂದು ಮುದುಕ ಊರೆದುರು ಹೇಳಿ ವಾರವಾಗಿರಲಿಲ್ಲ. ಹೆಂಗಸರು ಅವಳತ್ತ ಉಗುಳಿದರು. ಸಂಜೆಗೆ ಅವಳನ್ನು ಸೈಬೀರಿಯಾದ ಸೆರೆಗೆ ಒಯ್ಯುವ ಜಾರುಬಂಡಿ ಬರಲಿತ್ತು. ಚರ್ಚಿನ ಗಂಟೆ ಬಾರಿಸುವ ಯೆವ್ಲಾಂಪಿಯೂ ಅವಳ ಮುಖ ನೋಡದೆ ಸೂಲಗಿತ್ತಿ ಉಸ್ತೀನ್ಯಾಳ ಹಿಂದೆ ನಿಂತ. ಊರಿನಲ್ಲಿ ಕಳವಾದರೂ ಕೊಲೆಯಾದರೂ ಜನ ಕರೆಯುತ್ತಿದ್ದುದು ಆ ಮುದುಕಿಯನ್ನೇ.

ಎಲ್ಲರೂ ಸತ್ತವನಿಗಾಗಿ ಪ್ರಾರ್ಥಿಸಿದರು. ನಿಕಾಂದ್ರ ಕೈಗವಸು ಹಾಕಿಕೊಂಡೇ ಶಿಲುಬೆಯ ಗುರುತು ಮಾಡಿದ. ದೇವರ ಪಟದೆದುರು ಹೀಗೆ ನಿಂತವನನ್ನು ಯೆವ್ಲಾಂಪಿ ಎಂದೂ ಕಂಡಿರಲಿಲ್ಲ. ದುಃಖದಲ್ಲಿ ಮರೆತನೇನೋ ಎಂದುಕೊಂಡ.

ಉಸ್ತೀನ್ಯಾ ಒಲೆಯೊಳಗೆ ಬಗ್ಗಿ ನೋಡಿದಳು. ಆ ದಿನದ ರೊಟ್ಟಿ ಅಲ್ಲೇ ಇತ್ತು. ಕೆಂಡದ ಕಡೆ ಕರಕಲಾಗಿತ್ತು, ಇನ್ನೊಂದು ಕಡೆ ಬಿಳಿ. ಕೆಂಡ ತುಂಬಿಡುವ ಮಣ್ಣಿನ ಮಡಕೆ ಬರಿದಾಗಿತ್ತು. ಬಿಸಿ ಮಡಕೆ ಎತ್ತುವ ಉದ್ದ ಹಿಡಿಯ ಕವಲುಗೋಲು ಮೂಲೆಯಲ್ಲಿ ಬಟ್ಟೆ ಸುತ್ತಿಕೊಂಡು ಹಾಗೇ ನಿಂತಿತ್ತು.

"ಕೂತ್ಕೊಳ್ರಪ್ಪ ಎಲ್ಲಾರೂ," ಎಂದಳು.

"ಇನ್ನೇನು ಕತೆ ಅಜ್ಜಿ? ಕೊಂದೋಳು ಇಲ್ಲೇ ನಿಂತವ್ಳಲ್ಲ," ಎಂದ ಊರ ಹಿರಿಯ.

"ನೀನು ಜನ್ಮದಲ್ಲಿ ರೊಟ್ಟಿ ಸುಟ್ಟಿದ್ದೀಯೇನೋ? ತಿನ್ನೋದು ಮಾತ್ರ ಗೊತ್ತು. ಹೆಂಗಸು ಮೊದ್ಲು ಕೆಂಡಾನೆಲ್ಲ ಮಡಕೆಗೆಳೆದು, ಒಲೆ ನೆಲ ಗುಡಿಸಿ, ಆಮೇಲೆ ರೊಟ್ಟಿ ಇಡ್ತಾಳೆ. ಆಗ ಮುಚ್ಚಳ ಹಾಕಿದ್ರೆ ಯಾರೂ ಸಾಯಲ್ಲ. ಫೆವ್ರೋನ್ಯಾ ಹಾಗೇ ಮಾಡಿ ಚರ್ಚಿಗೆ ಬಂದ್ಲು. ಅವಳು ಅತ್ತ ಹೋದ್ಮೇಲೆ ಯಾರೋ ಮಡಕೆಯ ಕೆಂಡಾನ ಮತ್ತೆ ರೊಟ್ಟಿ ಪಕ್ಕಕ್ಕೇ ಸುರಿದ್ರು."

"ಅವಳೇ ಸುರಿದಿರ್ಬೋದು!" ಎಂದ ನಿಕಾಂದ್ರ.

"ರೊಟ್ಟಿ ತೆಗೀದೇನಾ? ಹತ್ತು ವರ್ಷದ ಹುಡುಗೀನೂ ಹಾಗೆ ಮಾಡಲ್ಲ. ಒಲೆ ಬಾಯಿ ಮುಟ್ಟದ ಗಂಡಸು ಮಾಡ್ತಾನೆ. ಅವನಿಗೆ ಕವಲುಗೋಲೂ ನೆನಪಾಗಲ್ಲ. ಕಾದ ಮಡಕೇನ ಬರಿಗೈಲೇ ತಬ್ಕೋತಾನೆ. ಇವತ್ತು ಚರ್ಚಿಗೆ ಎಲ್ಲಾರಿಗಿಂತ ತಡವಾಗಿ ಬಂದೋನು ಯಾರು, ಯೆವ್ಲಾಂಪಿ?"

ಯೆವ್ಲಾಂಪಿ ಅವಳ ಹಿಂದಿನಿಂದ ಈಚೆ ಬಂದ. "ನಿಕಾಂದ್ರ. ಮೊದಲ ಪ್ರಾರ್ಥನೆ ಮುಗಿದ್ಮೇಲೆ."

"ಕೈಗವಸು ಬಿಚ್ಚಪ್ಪ ಮಗನೇ."

ನಿಕಾಂದ್ರ ಬಾಗಿಲತ್ತ ಹಾರಿದ. ಇಬ್ಬರು ಹಿಡಿದು ಕೈಗವಸು ಕಿತ್ತರು. ಅಂಗೈ ತುಂಬ ನೀರುಗುಳ್ಳೆ.

"ಮನೆ ನಂದು! ರಕ್ತ ನಂದು! ಬೇರೆ ಮನೆಯಿಂದ ಬಂದೋಳಿಗೆ ಕೊಡೋಕೆ ಅವನ್ಯಾರು?" ಎಂದು ಅವನು ಕಿರುಚುತ್ತಿರುವಾಗಲೇ ಹೊರಗೆಳೆದೊಯ್ದರು.

ಊರ ಹಿರಿಯ ಟೋಪಿ ಹಿಸುಕುತ್ತ ಎದ್ದ. "ತಪ್ಪಾಯ್ತು ತಾಯಿ. ದೇವರು ನಮ್ಮನ್ನ..."

"ದೇವರನ್ನ ಬಿಡಿ. ಅವನು ಉಗುಳಲಿಲ್ಲ," ಎಂದಳು ಫೆವ್ರೋನ್ಯಾ. ಯೆವ್ಲಾಂಪಿ ತಲೆ ತಗ್ಗಿಸಿದ. ಅವಳು ನೀರಿನ ಬಕೆಟ್ಟು ಎತ್ತಿಕೊಂಡಳು. "ಮಾವನಿಗೆ ಸ್ನಾನ ಮಾಡಿಸ್ಬೇಕು. ಅಜ್ಜಿ ಇರ್ಲಿ. ನೀವೆಲ್ಲ ನನ್ನ ಮನೆಯಿಂದ ಹೊರಡಿ. ಬಾಗಿಲು ಹಾಕ್ಕೊಂಡು ಹೋಗಿ, ಚಳಿ ಒಳಗೆ ಬರ್ತಿದೆ."