ಹೊಸ ಬ್ರೇಕಿನ ಹಳೇ ಕಾರು

ಇಳಿಜಾರಿನ ಕೊನೆಯ ಕಲ್ಲುಗೋಡೆಗೆ ಮೂತಿ ಗುದ್ದಿಕೊಂಡು ಕಾರು ನಿಂತಿತ್ತು. ಒಳಗೆ ಅಮ್ಮನಿಗೆ ಪ್ರಜ್ಞೆ ಇರಲಿಲ್ಲ. ಅಪ್ಪ ಸ್ಟೀರಿಂಗ್ ಹಿಡಿದು ಒಂದೇ ಮಾತು ಹೇಳುತ್ತಿದ್ದ— "ತುಳಿದೆ... ತುಳಿದೆ... ನಿಲ್ಲಲೇ ಇಲ್ಲ."

ಮಗಳು ಓಡಿ ಬಂದಾಗ ಕಂಡದ್ದು ಇಷ್ಟೇ. ಆ ಕಾರೇ ಅಪ್ಪನ ಹಿರಿಮಗ, ತಾನು ಎರಡನೆಯವಳು ಎಂದು ಅವಳು ಸದಾ ಛೇಡಿಸುತ್ತಿದ್ದಳು. ಹಳೇ ಡ್ರಮ್ ಬ್ರೇಕಿಗೆ ಹೆದರಿ ಅಮ್ಮ ಕಾರು ಹತ್ತುವುದನ್ನೇ ಬಿಟ್ಟಾಗ, ಅವಳಿಗೋಸ್ಕರ ಅಪ್ಪ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಿದ್ದ. ಹಾಕಿದವನು ಅಪ್ಪನ ಬಾಲ್ಯದ ಗೆಳೆಯ, ಗ್ಯಾರೇಜ್ ಮಾಮ. ವಾರವೂ ಕಳೆದಿರಲಿಲ್ಲ.

ಕಾರು ಮಾರಿಬಿಡು ಎಂದು ಜಗಳವಾಡಿದ್ದ ಚಿಕ್ಕಪ್ಪನ ಮೇಲೂ ಅನುಮಾನ ಬಂತು. ಆದರೆ ಅವನು ಊರಲ್ಲೇ ಇರಲಿಲ್ಲ. ಉಳಿದವನು ಮಾಮ ಒಬ್ಬನೇ.

ಮರುದಿನ ತನಿಖೆಗೆ ಬಂದ ಇನ್ಸ್‌ಪೆಕ್ಟರಮ್ಮ ಎಲ್ಲರನ್ನೂ ಆಸ್ಪತ್ರೆಯ ವರಾಂಡದಲ್ಲಿ ಕೂರಿಸಿದರು.

"ಬ್ರೇಕ್ ಪೈಪ್ ಏನಾದ್ರೂ ಒಡೆದಿತ್ತಾ, ಮೇಡಂ?" ಮಗಳು ಕೇಳಿದಳು.

"ಇಲ್ಲ. ಯಾರೂ ಏನೂ ಕತ್ತರಿಸಿಲ್ಲ. ಪೆಡಲ್ ಗಟ್ಟಿಯಾಗೇ ಇದೆ."

"ಮತ್ತಿನ್ನೇನು? ಇವನೇ!" ಅಪ್ಪ ಮಾಮನತ್ತ ಬೆರಳು ಚಾಚಿದ. "ನಂಬಿದ್ದಕ್ಕೆ ಬೆನ್ನಿಗೆ ಚೂರಿ ಹಾಕಿದ. ಒಳಗೆ ಹಾಕಿ ಇವನನ್ನ!"

"ನಾನೇ ಆ ಇಳಿಜಾರಲ್ಲಿ ಓಡಿಸಿ ನೋಡಿದ್ದೆ ಕಣೋ," ಎಂದ ಮಾಮ. "ನಿಂತಿತ್ತು."

ಮಗಳಿಗೆ ಅತ್ತ ದರಿ, ಇತ್ತ ಪುಲಿ. ತನ್ನನ್ನು ಎತ್ತಿ ಆಡಿಸಿದ ಮಾಮ ಜೈಲಿಗೆ ಹೋಗುವುದನ್ನು ನೋಡುವುದು ಹೇಗೆ? ಅಪ್ಪನ ಬಾಯಿ ಮುಚ್ಚಿಸುವುದು ಹೇಗೆ?

"ಸ್ಟೇಷನ್ ಅಂಗಳದಲ್ಲಿ ಕಾರು ಮಳೇಲಿ ನೆನೆದಿದೆ," ಎಂದರು ಇನ್ಸ್‌ಪೆಕ್ಟರಮ್ಮ. "ಬಣ್ಣ ಕಿತ್ತ ಕಡೆಯೆಲ್ಲ ಕಬ್ಬಿಣ ಕೆಂಪಗಾಗಿದೆ. ಡಿಸ್ಕೂ ಬರೀ ಕಬ್ಬಿಣವೇ. ಆದ್ರೆ ಅದಕ್ಕೆ ಒಂದು ಚುಕ್ಕೆ ತುಕ್ಕಿಲ್ಲ. ಯಾಕೆ?"

ಅವರು ಅಪ್ಪನತ್ತ ತಿರುಗಿದರು.

"ಹಳೇ ಬ್ರೇಕ್ ಡ್ರಮ್ಮಿನೊಳಗೆ ಮುಚ್ಚಿರ್ತಿತ್ತು. ಇದು ಚಕ್ರದ ಸಂದೀಲಿ ಕಣ್ಣಿಗೆ ಬೀಳುತ್ತೆ. ಯಜಮಾನ್ರೇ, ಕಾರು ತೊಳೆಯೋರು ಯಾರು?"

"ನಾನೇ! ಬೇರೆಯವರಿಗೆ ಮುಟ್ಟೋಕೂ ಬಿಡಲ್ಲ."

"ಅಪಘಾತದ ಹಿಂದಿನ ದಿನ ತೊಳೆದ್ರಾ?"

"ತೊಳೆದೆ. ಹೊಸಾ ಡಿಸ್ಕು, ಆಗಲೇ ತುಕ್ಕು ಹಿಡೀತಿತ್ತು. ಉಜ್ಜಿ, ಎಣ್ಣೆ ಬಟ್ಟೇಲಿ ಚೆನ್ನಾಗಿ—"

ಅಪ್ಪನ ಮಾತು ಅಲ್ಲೇ ನಿಂತಿತು.

"ಬ್ರೇಕ್ ಪ್ಯಾಡು ಡಿಸ್ಕನ್ನ ಕಚ್ಚೋ ಜಾಗಕ್ಕೇ ಎಣ್ಣೆ ಸವರಿದ್ರಿ. ಅದಕ್ಕೇ ಮಳೇಲೂ ತುಕ್ಕು ಹಿಡೀಲಿಲ್ಲ. ಕಚ್ಚೋ ಬದಲು ಜಾರಿತು. ಆ ತುಕ್ಕು ನಾಲ್ಕು ಸಲ ಬ್ರೇಕ್ ಒತ್ತಿದ್ರೆ ತಾನೇ ಹೋಗ್ತಿತ್ತು." ಇನ್ಸ್‌ಪೆಕ್ಟರಮ್ಮ ದನಿ ತಗ್ಗಿಸಿದರು. "ಬೇರೆ ಯಾರೂ ಅಲ್ಲ, ಯಜಮಾನ್ರೇ. ನೀವೇ."

"ತುಕ್ಕು ಕಂಡು ಸುಮ್ನೆ ಹೇಗಿರಲಿ, ತಾಯಿ?" ಎಂದ ಅಪ್ಪ. ಮಗುವಿನಂತೆ ಕೇಳಿದ.

ಮಾಮ ಅವನ ಭುಜ ಹಿಡಿದುಕೊಂಡ. "ಕೇಸು ನನ್ನ ಮೇಲೇ ಇರಲಿ ಬಿಡಿ, ಮೇಡಂ."

"ಹಾಗೆಲ್ಲ ಆಗಲ್ಲ."

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದಳು. "ಎಚ್ಚರ ಆಗಿದೆ. ಯಜಮಾನ್ರನ್ನ ಕೇಳ್ತಿದ್ದಾರೆ."

ಅಪ್ಪ ಏಳಲಿಲ್ಲ. "ಯಾವ ಮುಖ ಇಟ್ಕೊಂಡು ಹೋಗಲಿ?"

ಮಗಳೊಬ್ಬಳೇ ಒಳಗೆ ಹೋದಳು. ಅಮ್ಮನ ಕಣ್ಣು ಅವಳ ಬೆನ್ನ ಹಿಂದೆ ಹುಡುಕಿತು.

"ಅಪ್ಪಂಗೆ ಏನಾಯ್ತೇ?"

"ಏನೂ ಆಗಿಲ್ಲಮ್ಮ."

"ಮತ್ತೆ ಯಾಕೆ ಬರ್ಲಿಲ್ಲ?"

ಮಗಳು ಅಮ್ಮನ ಹೊದಿಕೆ ಸರಿಮಾಡಿದಳು. ಸರಿಯಾಗಿಯೇ ಇದ್ದದ್ದನ್ನು ಮತ್ತೊಮ್ಮೆ ಸರಿಮಾಡಿದಳು.