ಸ್ಪೇಸ್ ಬಾರ್ ಒತ್ತಿದವನು

ನಮ್ಮ ಆಸ್ಪತ್ರೆಯ ಸರ್ವರ್ ರೂಮಿಗೆ ಕೆಲಸಕ್ಕೆ ಸೇರಿದ ವಾರದಲ್ಲೇ ಅವನು ನನ್ನ ಕೈಲಿ ಚೆನ್ನಾಗಿ ಬೈಸಿಕೊಂಡ.

ಸರ್ವರ್ ಆನ್ ಆದಾಗ ಯಾವ್ಯಾವ ಸರ್ವಿಸ್, ಅಂದರೆ ಒಳಗೊಳಗೇ ಓಡುವ ಪ್ರೋಗ್ರಾಂ, ತಾನಾಗಿ ಶುರುವಾಗಬೇಕು ಅಂತ ಆರಿಸಲು ಒಂದು ಹಳೇ ನೀಲಿ ಮೆನು ಇದೆ. ಚಿತ್ರಗಿತ್ರ ಇಲ್ಲ, ಬರೀ ಅಕ್ಷರ. ಹೆಸರಿನ ಮುಂದೆ ಸ್ಪೇಸ್ ಬಾರ್ ಒತ್ತಿದರೆ ಚುಕ್ಕಿ ಬರುತ್ತದೆ, ಮತ್ತೆ ಒತ್ತಿದರೆ ಹೋಗುತ್ತದೆ. ಆದರೆ ಚುಕ್ಕಿ ಹೋದ ಕೂಡಲೇ ಏನೂ ನಿಲ್ಲುವುದಿಲ್ಲ. ಮುಂದಿನ ಸಲ ಸರ್ವರ್ ಶುರುವಾದಾಗಲೇ ಅದರ ಬಿಸಿ ತಟ್ಟುವುದು.

ಪೆನ್ನುಗಳನ್ನೂ ಎತ್ತರದ ಪ್ರಕಾರ ಜೋಡಿಸಿಡುವ ಆಸಾಮಿ ಅವನು. ನಾನಿಟ್ಟ ಹೆಸರು ನೀಟಪ್ಪ. ಬೇಡದ್ದನ್ನೆಲ್ಲ ತೆಗೆಯುತ್ತೇನೆಂದು ಹೊರಟವನು ಪ್ರಿಂಟಿಂಗ್ ಸರ್ವಿಸಿನ ಚುಕ್ಕಿಯನ್ನೂ ತೆಗೆದುಬಿಟ್ಟ. ಪ್ರಿಂಟರ್ ಓಡುತ್ತಲೇ ಇತ್ತು, ಹಾಗಾಗಿ ಬೀಗುತ್ತಲೂ ಇದ್ದ. ಸೋಮವಾರ ಸರ್ವರ್ ರೀಸ್ಟಾರ್ಟ್ ಆಯಿತು ನೋಡಿ, ಲ್ಯಾಬ್ ರಿಪೋರ್ಟ್ ಒಂದೂ ಹೊರಗೆ ಬರಲಿಲ್ಲ. ಕೌಂಟರಿನಲ್ಲಿ ಜನ ಕೂಗಾಡತೊಡಗಿದರು.

ಆಡಳಿತಾಧಿಕಾರಿ ನನ್ನ ಮೇಲೆ ಹರಿಹಾಯ್ದರು. "ಆ ಮೆನು ಮುಟ್ಟೋದು ನೀವೇ ಅಲ್ವೇನಮ್ಮಾ?"

"ತೆಗೆದಿದ್ದು ನಾನು ಸರ್," ಎಂದ ನೀಟಪ್ಪ, ಬಾಗಿಲಲ್ಲಿ ನಿಂತು. "ಅವರದ್ದೇನೂ ತಪ್ಪಿಲ್ಲ."

ಚುಕ್ಕಿ ವಾಪಸ್ ಹಾಕಿ, ಪ್ರಿಂಟಿಂಗ್ ಶುರು ಮಾಡಿ, ಅವನ ಕಡೆ ತಿರುಗಿದೆ. "ತೆಗೆಯೋ ಮುಂಚೆ ಕೇಳೋಕೆ ಬಾಯಿ ಬಿದ್ದುಹೋಗಿತ್ತಾ?"

"ಕೇಳೋಣ ಅಂತಲೇ ಬಂದಿದ್ದೆ. ನೀವು ಕ್ಲಿಪ್ ಬಾಯಲ್ಲಿ ಕಚ್ಕೊಂಡು ಕೂದಲು ಕಟ್ತಾ ಇದ್ರಿ. ಏನ್ ಕೇಳ್ಬೇಕು ಅನ್ನೋದೇ ಮರೆತುಹೋಯ್ತು."

ನಗು ಬಂತು. ತಡೆಯಲು ಸ್ಕ್ರೀನ್ ನೋಡಿದೆ. ಅವನು ಸ್ಕ್ರೀನಿನಲ್ಲಿ ಕಾಣುತ್ತಿದ್ದ ನನ್ನ ಮುಖವನ್ನೇ ನೋಡುತ್ತಿದ್ದ.

ಆಮೇಲೆ ಪ್ರತಿಯೊಂದಕ್ಕೂ ಕೇಳತೊಡಗಿದ. ಇದನ್ನು ಒತ್ತಲಾ, ಅದನ್ನು ಬಿಡಲಾ, ಟೀ ತರಲಾ. ಒಂದು ದಿನ ಮದುವೆಯಾಗುತ್ತೀರಾ ಅಂತಲೂ ಕೇಳಿದ. ನನಗೆ ಇಷ್ಟವಿತ್ತು, ತುಂಬಾ ಇಷ್ಟವಿತ್ತು. ಆದರೂ ಉತ್ತರ ಕೊಡಲಿಲ್ಲ. ಈ ಆಸ್ಪತ್ರೆಯಲ್ಲಿ ಜೋಡಿಯಾದವರಲ್ಲಿ ಒಬ್ಬರು ಕೆಲಸ ಬಿಡಬೇಕು, ಅದು ಹೆಣ್ಣೇ ಆಗಿರಬೇಕು. ಅಮ್ಮನಿಗೆ ಹೇಳಿದರೆ, "ಒಳ್ಳೇ ಹುಡುಗ ಸಿಕ್ಕಿದಾನೆ, ಕೆಲಸಕ್ಕೆ ಯಾಕೇ ಜೋತುಬೀಳ್ತೀಯ?" ಅಂದಳು. ಟೇಬಲ್ಲಿನ ಮೇಲೆ ಒಂದೇ ಯಂತ್ರವಿದ್ದಾಗಿನಿಂದ ನಾನೇ ಕಟ್ಟಿ ಬೆಳೆಸಿದ್ದು ಆ ಸರ್ವರ್ ರೂಮು.

ನಮ್ಮಿಬ್ಬರ ಬಗ್ಗೆ ಎದ್ದ ಗುಸುಗುಸು ಆಡಳಿತಾಧಿಕಾರಿಯ ಕಿವಿಗೂ ಬಿತ್ತು. ಇಬ್ಬರನ್ನೂ ಕರೆದರು. ರಾಜೀನಾಮೆಯ ಹಾಳೆಯನ್ನು ಕೇಳದೆಯೇ ನನ್ನ ಕಡೆ ತಳ್ಳಿದರು.

"ನಾನು ಬಿಡ್ತೀನಿ ಸರ್," ಎಂದ ನೀಟಪ್ಪ.

"ನೀವು ಸುಮ್ನಿರಿ," ಎಂದೆ. ಮೈಯೆಲ್ಲ ಉರಿಯುತ್ತಿತ್ತು. "ಒಬ್ಬರು ಬಿಡಬೇಕು ಅನ್ನೋ ರೂಲ್ ಎಲ್ಲಿದೆ ಸರ್?"

"ಮೊದಲಿಂದ ನಡ್ಕೊಂಡು ಬಂದಿದೆ."

"ಮೊದಲಿಂದ ಬಿಟ್ಟವರೆಲ್ಲ ಯಾರು?"

ಅವರು ಪೇಪರ್‌ವೇಟ್ ತಿರುಗಿಸಿದರು. ನಾನು ಹಾಳೆಯನ್ನು ಹಿಂದಕ್ಕೆ ತಳ್ಳಿದೆ.

"ಕೆಲಸ ಬಿಡಲ್ಲ. ಇವರನ್ನೂ ಬಿಡಲ್ಲ. ಮದುವೆ ಆಗ್ತೀವಿ, ಮಾರನೇ ವಾರ ಇಬ್ಬರೂ ಡ್ಯೂಟಿಗೆ ಬರ್ತೀವಿ. ತೆಗೀಬೇಕು ಅಂದ್ರೆ ಕಾರಣ ಬರೆದು, ಸಹಿ ಹಾಕಿ ತೆಗೀರಿ."

"ಜಾಸ್ತಿ ಆಯ್ತಮ್ಮ ನಿಮ್ದು."

"ಹೌದು ಸರ್," ಎಂದು ಎದ್ದೆ.

ಇಬ್ಬರೂ ಹೊರಗೆ ಕಾರಿಡಾರಿಗೆ ಬಂದೆವು. ನೀಟಪ್ಪ ಗೋಡೆಗೆ ಒರಗಿ ಪೆಚ್ಚಾಗಿ ನಗುತ್ತಿದ್ದ. ಅಂಗಿಯ ಗುಂಡಿ ಒಂದು ಮೇಲೆ ಕೆಳಗಾಗಿತ್ತು, ಅವನಿಗೆ ಅದರ ಖಬರೇ ಇರಲಿಲ್ಲ.

"ಕೇಳಿದ್ದು ನಾನು. ಉತ್ತರ ಸಾಹೇಬ್ರಿಗೆ ಕೊಟ್ರಲ್ಲ."

"ಅವರಿಗೆ ಹೇಳೋದು ಕಷ್ಟ ಇತ್ತು. ಅದಕ್ಕೇ ಮೊದಲು ಮುಗಿಸಿದೆ."

"ಈಗ ನನಗೆ?"

ನರ್ಸುಗಳು, ಗುಮಾಸ್ತರು, ಕಿಟಕಿಯಾಚೆಯಿಂದ ಆಡಳಿತಾಧಿಕಾರಿ, ಎಲ್ಲರೂ ನೋಡುತ್ತಿದ್ದರು. ನೋಡಲಿ ಅಂತಲೇ ಅವನ ಕೈ ಹಿಡಿದುಕೊಂಡು ಸರ್ವರ್ ರೂಮಿನ ಕಡೆ ನಡೆದೆ.

"ನಡೀರಿ," ಎಂದೆ. "ಕೆಲಸ ಇದೆ, ಇಬ್ಬರಿಗೂ."