ನಳಿಗೆಯಲ್ಲಿ ಸಿಕ್ಕಿಕೊಂಡ ಬ್ರಷ್

ಚಾಕು ನನ್ನ ಕುತ್ತಿಗೆಗೆ ತಾಗಿತ್ತು. ತಣ್ಣಗೆ!

"ಆ ಸಾಕ್ಷಿ ಹೆಂಗಸನ್ನ ಎಲ್ಲಿ ಬಚ್ಚಿಟ್ಟಿದ್ದೀಯ? ಬೊಗಳು!"

ನನ್ನನ್ನು ಹಿಂದಿನಿಂದ ಕುರ್ಚಿಗೆ ಒತ್ತಿ ಹಿಡಿದಿದ್ದವನು ರೌಡಿ ಗೂಳಿ. ಅವನ ಬಾಸ್ ಮಾಡಿದ ಕೊಲೆಯನ್ನು ಆ ಹೆಂಗಸು ಕಣ್ಣಾರೆ ಕಂಡಿದ್ದಳು. ಬಚ್ಚಿಟ್ಟವನು ನಾನೇ. ಪತ್ತೇದಾರನ ಕೆಲಸ ಬರೀ ಹುಡುಕುವುದಲ್ಲ ಸ್ವಾಮಿ, ಬಚ್ಚಿಡುವುದೂ ಹೌದು.

"ಗೊತ್ತಿಲ್ಲ."

ಚಾಕು ಇನ್ನಷ್ಟು ಒತ್ತಿತು...

"ನನ್ನ ತಮ್ಮನ್ನ ಬಿಡೋ!"

ಬಾಗಿಲಲ್ಲಿ ಅಕ್ಕ! ನನ್ನ ಆಫೀಸಿನ ಪಕ್ಕದ ಕೋಣೆಯೇ ಅವಳ ಟೈಲರಿಂಗ್ ಅಂಗಡಿ. ಹೆಗಲ ಮೇಲೆ ಅಳತೆ ಟೇಪು, ಕೈಯಲ್ಲಿ ನನ್ನ ಒಂಟಿ ನಳಿಗೆ ಬಂದೂಕು. ತೋಟಾ ತುಂಬಿದಳು, ಟಕ್ ಎಂದು ಮುಚ್ಚಿದಳು, ಗುರಿಯಿಟ್ಟಳು. ಅಪ್ಪ ಕಲಿಸಿದ ವಿದ್ಯೆ.

ಗೂಳಿಯ ಚಾಕು ಒಂದಿಂಚು ಹಿಂದೆ ಸರಿಯಿತು. ನನ್ನ ಜೀವ ಬಾಯಿಗೆ ಬಂತು.

ಯಾಕೆ ಅಂತೀರಾ?

ಬೆಳಿಗ್ಗೆ ಅಕ್ಕನ ಅಂಗಡಿಯಲ್ಲಿ ಆ ಬಂದೂಕನ್ನು ಕ್ಲೀನ್ ಮಾಡಲು ಕೂತಿದ್ದೆ. ಹನ್ನೆರಡು ಬೋರಿನ ನಳಿಗೆಗೆ ಹನ್ನೆರಡು ಬೋರಿನ ಬ್ರಷ್ಷೇ ಬೇಕು, ಕಂಚಿನ ತಂತಿಯದಾದರೆ ಒಳ್ಳೆಯದು. ನನ್ನದು ಪೂರ್ತಿ ಸವೆದಿತ್ತು. ಡಬ್ಬದ ತಳದಲ್ಲಿ ಹತ್ತು ಬೋರಿನದೊಂದು ಸಿಕ್ಕಿತು. ಬೋರಿನ ಅಂಕಿ ಇಳಿದಷ್ಟೂ ನಳಿಗೆಯ ಅಗಲ ಹೆಚ್ಚು; ಹಾಗಾಗಿ ಈ ಬ್ರಷ್ ಇನ್ನೂ ದಪ್ಪ, ಉಕ್ಕಿನ ತಂತಿ. ದಪ್ಪಗಿದ್ದರೆ ಚೆನ್ನಾಗಿ ಉಜ್ಜುತ್ತದೆ ಎಂದುಕೊಂಡೆ. ಮೈಗಳ್ಳನಿಗೆ ಎರಡು ಪಟ್ಟು ಕೆಲಸ ಎನ್ನುತ್ತಾರಲ್ಲ... ಅರ್ಧಕ್ಕೆ ಹೋಗಿ ಕಚ್ಚಿಕೊಂಡಿತು! ತಿರುಚಿ ಎಳೆದೆ. ತಿರುಪು ಬಿಚ್ಚಿ ಕೋಲು ಮಾತ್ರ ಕೈಗೆ ಬಂತು. ಅಷ್ಟರಲ್ಲಿ ಫೋನ್. ಬಂದೂಕನ್ನು ಅಲ್ಲೇ ಮೂಲೆಗೆ ಒರಗಿಸಿ ನನ್ನ ಆಫೀಸಿಗೆ ಎದ್ದುಹೋದೆ. ಅಕ್ಕನಿಗೆ ಒಂದು ಮಾತೂ ಹೇಳಲಿಲ್ಲ.

ಈಗ ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಅವಳ ಕೈಯಲ್ಲೇ!

ಹೇಳಿದರೆ? ಬಂದೂಕು ದಂಡ ಎಂದು ಗೂಳಿಗೂ ಗೊತ್ತಾಗುತ್ತದೆ. ನನ್ನ ಕತೆ ಮುಗಿಯುತ್ತದೆ.

ಸುಮ್ಮನಿದ್ದೆ.

ಹೌದು ಸ್ವಾಮಿ, ಸುಮ್ಮನಿದ್ದೆ! ಅವನು ಹೆದರಿದ್ದನಲ್ಲ...

"ಚಾಕು ಬಿಸಾಕು. ಇಲ್ಲಾಂದ್ರೆ ಸುಟ್ಟುಬಿಡ್ತೀನಿ!"

"ಸುಡಮ್ಮ ನೋಡೋಣ. ನಿನ್ನ ತಮ್ಮನಿಗೂ ತಗಲುತ್ತೆ!"

"ಅವನ ತಲೆ ನಿನ್ನ ಎದೆಗಿಂತ ಕೆಳಗಿದೆ ಕಣೋ."

ಅವಳ ಬೆರಳು ಟ್ರಿಗರ್ ಮೇಲೆ ಬಾಗಿತು. ಅಮ್ಮ ಹೋದ ಮೇಲೆ ಬಟ್ಟೆ ಹೊಲಿದು ನನ್ನನ್ನು ಸಾಕಿದ ಬೆರಳು.

"ಬೇಡಕ್ಕಾ! ನಳಿಗೆಯೊಳಗೆ ಬ್ರಷ್ ಸಿಕ್ಕಿಕೊಂಡಿದೆ! ಕೈ ಹೋಗುತ್ತೆ!"

ಗೂಳಿ ಗಹಗಹಿಸಿ ನಕ್ಕ. ನಗುವಾಗ ಅವನ ಹಿಡಿತ ಸಡಿಲವಾಯಿತು. ಮೇಜಿಗೆ ಕಾಲು ಕೊಟ್ಟು ಜಾಡಿಸಿದೆ. ಕುರ್ಚಿ ಸಮೇತ ಹಿಂದಕ್ಕೆ, ಅವನ ಮೇಲೇ ಬಿದ್ದೆ. ಚಾಕು ಕಿವಿಯ ಕೆಳಗೆ ಸೀಳಿತು!

ಅಷ್ಟರಲ್ಲಿ ಅಕ್ಕ ಬಂದೂಕು ಕೆಳಗಿಟ್ಟು, ತನ್ನ ಅಂಗಡಿಯ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಬಂದಿದ್ದಳು. ಬೀಸಿದ್ದು ಒಂದೇ ಸಲ. ಗೂಳಿ ಮೇಲೇಳಲಿಲ್ಲ.

ಪೊಲೀಸರು ಅವನನ್ನು ಹೊತ್ತೊಯ್ದರು. ಅಕ್ಕ ನನ್ನ ಗಾಯ ಒರೆಸುತ್ತಾ ಕೂತಳು. ಆ ಕೈಗಳನ್ನು ನೋಡಲಾರದೆ ಗೋಡೆ ನೋಡಿದೆ. ನಾಚಿಕೆಯಿಂದ ಸತ್ತುಹೋಗಿದ್ದೆ.

"ಬ್ರಷ್ ಸಿಕ್ಕಿಕೊಂಡಿದ್ದು ನಿಂಗೆ ಮೊದ್ಲೇ ಗೊತ್ತಿತ್ತಲ್ವಾ?"

"ಹೂಂ."

"ನಾನು ಬಂದ ತಕ್ಷಣ ಯಾಕೋ ಹೇಳ್ಲಿಲ್ಲ?"

"ಗಂಟಲು ಒಣಗಿತ್ತಕ್ಕಾ... ಮಾತೇ ಹೊರಡಲಿಲ್ಲ."

ಆ ಸುಳ್ಳನ್ನು ಅಕ್ಕ ನಂಬಲಿಲ್ಲ. ಎದ್ದು ಹೋಗಿ ಒಂದು ದೊಡ್ಡ ಚೊಂಬಿನ ತುಂಬ ನೀರು ತಂದಳು. ಎದುರಿಗೇ ಕೂತಳು.

ತಳ ಕಾಣುವವರೆಗೂ ಕುಡಿಸಿದಳು, ಸ್ವಾಮಿ!